ಅಮ್ಮನ ಹೆಬ್ಬೆಟ್ಟು ಮೆಷಿನ್‌ಗೆ ಬರಲ್ಲ. ಇಮಿಗ್ರೇಷನ್‌ನಲ್ಲಿ ಇ-ಗೇಟಾ, ಕೌಂಟರಾ?

ತೀರ್ಥಹಳ್ಳಿ_ಮಗಳು:
ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಮೊದಲ ಸಲ ವಿಮಾನ ಹತ್ತುತ್ತಿದ್ದಾರೆ, ಅದೂ ಸೀದಾ ಸಿಂಗಾಪುರಕ್ಕೆ. ಅಣ್ಣ ಅತ್ತಿಗೆ ಅಲ್ಲಿದ್ದಾರೆ, ಅತ್ತಿಗೆಯ ಬಾಣಂತನ. ನನಗೆ ರಜೆ ಸಿಗಲಿಲ್ಲ. ಬೆಂಗಳೂರಲ್ಲಿ ನಾನು ಏರ್‌ಪೋರ್ಟ್ ಬಾಗಿಲ ತನಕ, ಆಮೇಲೆ ಅವರಿಬ್ಬರೇ.

ಆಫೀಸಿನಲ್ಲಿ ಒಬ್ಬರು ಹೇಳಿದರು, ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್‌ಗೆ ರಿಜಿಸ್ಟರ್ ಮಾಡಿಸಿ, ಗೇಟ್ ತಾನೇ ತೆರೆದುಕೊಳ್ಳುತ್ತದೆ, ಯಾರೂ ಏನೂ ಕೇಳಲ್ಲ ಅಂತ. ಅದು ಕೇಳಿ ಖುಷಿಯಾಯಿತು. ಯಾಕೆಂದರೆ ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರಲ್ಲ. ಅಪ್ಪನಿಗೆ ಹಿಂದಿ ಬರುತ್ತದೆ ಅಂತ ಅಪ್ಪ ಮಾತ್ರ ನಂಬಿದ್ದಾರೆ.

ಆದರೆ ಆ ಗೇಟಿಗೆ ಬೆರಳಚ್ಚು ಬೇಕಂತೆ. ಅಮ್ಮ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯಲು ಶುರು ಮಾಡಿ ನಲವತ್ತು ವರ್ಷವಾಯಿತು. ಕೊಯ್ಲು ಈಗಷ್ಟೇ ಮುಗಿದಿದೆ. ಬೆರಳ ತುದಿಯೆಲ್ಲ ಚೊಗರು ಹತ್ತಿ ಕಪ್ಪಾಗಿ, ಸೀಳಿ, ಗೆರೆಗಳೇ ಕಾಣಲ್ಲ. ರೇಷನ್ ಅಂಗಡಿಯಲ್ಲಿ ಹತ್ತು ಬೆರಳೂ ಒತ್ತಿಸಿ, ಕೊನೆಗೆ ಅಪ್ಪನನ್ನು ಕರೆದುಕೊಂಡು ಬಾ ಅಂತ ಕಳಿಸುತ್ತಾರೆ.

ಗೇಟಿಗೆ ಬೆರಳು ಬೇಕು, ಕೌಂಟರಿಗೆ ಮಾತು ಬೇಕು. ಅಮ್ಮನ ಹತ್ತಿರ ಎರಡೂ ಇಲ್ಲ. ಏನು ಮಾಡಲಿ?

ಬೋರ್ಡಿಂಗ್_ಪಾಸ್:
ನಾನು ಹೋದ ವರ್ಷ ಮಾಡಿಸಿದೆ. ಇದು 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಶುರುವಾಗಿ 2025ರ ಜನವರಿಯಲ್ಲಿ ಬೆಂಗಳೂರಿಗೆ ಬಂತು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮತ್ತು ಓಸಿಐ ಕಾರ್ಡಿನವರಿಗೆ (ಬೇರೆ ದೇಶದ ಪೌರತ್ವ ಇರುವ ಭಾರತ ಮೂಲದವರು). ದುಡ್ಡಿಲ್ಲ. ಒಮ್ಮೆ ಆಯಿತು ಅಂದರೆ ಐದು ವರ್ಷ, ಅಷ್ಟರೊಳಗೆ ಪಾಸ್‌ಪೋರ್ಟ್ ಮುಗಿದರೆ ಅಲ್ಲಿಯವರೆಗೆ. ಅರ್ಜಿ ಆನ್‌ಲೈನ್. ಮುಖ ಮತ್ತು ಬೆರಳಚ್ಚು ಕೊಡಲು ಶಾಂತಿನಗರ ಬಸ್ ಸ್ಟ್ಯಾಂಡ್ ಕಟ್ಟಡದಲ್ಲಿರುವ, ವಿದೇಶಿಯರ ನೋಂದಣಿ ನೋಡಿಕೊಳ್ಳುವ ಎಫ್‌ಆರ್‌ಆರ್‌ಓ ಆಫೀಸಿಗೆ ಹೋಗಬಹುದು, ಇಲ್ಲ ಏರ್‌ಪೋರ್ಟ್‌ನಲ್ಲೇ ಕೊಡಬಹುದು.

ಇಷ್ಟೆಲ್ಲ ಯಾಕೆ ಅಂದರೆ, ನಮ್ಮ ಹಳೇ ಪಾಸ್‌ಪೋರ್ಟ್‌ಗಳಲ್ಲಿ ಚಿಪ್ ಇಲ್ಲ. ಚಿಪ್ ಇದ್ದರೆ ಗೇಟ್ ಅದರೊಳಗಿನ ಫೋಟೋ ಓದಿ ಮುಖಕ್ಕೆ ಹೋಲಿಸಿ ನೋಡಬಹುದು. ನಮ್ಮದರಲ್ಲಿ ಹೋಲಿಸಲು ಏನೂ ಇಲ್ಲ, ಅದಕ್ಕೇ ಮೊದಲೇ ಕೊಟ್ಟಿಟ್ಟಿರಬೇಕು. ಹೊಸ ಇ-ಪಾಸ್‌ಪೋರ್ಟ್ ಆದರೆ ಮುಂದಿನ ರಟ್ಟಿನ ಮೇಲೆ ಚಿನ್ನದ ಬಣ್ಣದ ಒಂದು ಪುಟ್ಟ ಗುರುತು ಇರುತ್ತದೆ, ನೋಡಿ.

ನಿಮ್ಮ ಅಮ್ಮನ ವಿಷಯಕ್ಕೆ ಬಂದರೆ, ಬೆರಳಚ್ಚು ಸಿಗದಿದ್ದರೆ ನೋಂದಣಿ ಆಗಲ್ಲ. ಅಪ್ಪನದು ಆಗಿ ಅಮ್ಮನದು ಆಗದಿದ್ದರೆ ಇನ್ನೂ ಕಷ್ಟ. ಅಪ್ಪ ಗೇಟಲ್ಲಿ ಒಂದೇ ನಿಮಿಷಕ್ಕೆ ಆಚೆ, ಅಮ್ಮ ಕೌಂಟರ್ ಸಾಲಲ್ಲಿ ಒಬ್ಬರೇ. ಇಬ್ಬರನ್ನೂ ಕೌಂಟರಿಗೇ ಕಳಿಸಿ.

ಕುಡ್ಲ_ಟು_ದುಬೈ:
ನನ್ನ ಓಟು ಗೇಟಿಗೇ ಮಾರಾಯ್ರೆ. ದುಬೈಯಲ್ಲಿ ರೆಸಿಡೆನ್ಸಿ ಇದ್ದವರಿಗೆ ಸ್ಮಾರ್ಟ್ ಗೇಟ್ ಉಂಟು. ಹೋಗಿ ನಿಂತು ಹಸಿರು ದೀಪ ನೋಡಿದರೆ ಆಯ್ತು. ರಾತ್ರಿ ಎರಡು ಗಂಟೆಗೆ ಇಳಿದವನಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಎಂತದು?

ಮಕ್ಕಳು ಮಾತ್ರ ಕೌಂಟರ್ ಕೌಂಟರ್ ಅಂತ ಹಟ. ಅಲ್ಲಿ ಟರ್ಮಿನಲ್ 3ರಲ್ಲಿ 2023ರಿಂದ 4ರಿಂದ 12 ವರ್ಷದ ಮಕ್ಕಳಿಗೇ ಬೇರೆ ಕೌಂಟರ್ ಉಂಟು, ಅವರ ಪಾಸ್‌ಪೋರ್ಟಿಗೆ ಅವರೇ ಸೀಲ್ ಒತ್ತುವುದು. ನನ್ನ ಮಗಳು ಸೀಲ್ ಒತ್ತಿದ್ದು ಅರ್ಧ ಪುಟದಲ್ಲಿ, ಅರ್ಧ ತನ್ನ ಹೆಬ್ಬೆರಳ ಮೇಲೆ.

ಊರಿನ ಕತೆ ಬೇರೆ. 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ ಐದು ಏರ್‌ಪೋರ್ಟಿಗೆ ಈ ಫಾಸ್ಟ್ ಟ್ರ್ಯಾಕ್ ಕೊಟ್ಟರು. ಕೋಝಿಕ್ಕೋಡ್ ಉಂಟು, ತಿರುವನಂತಪುರ ಉಂಟು. ಆ ಐದರಲ್ಲಿ ಮಂಗಳೂರು ಇಲ್ಲ. ಗಲ್ಫಿಗೆ ಹೋಗುವವರು ನಾವು ಕಡಿಮೆಯಾ?

ಅಮ್ಮನಿಗೆ ವೀಲ್‌ಚೇರ್ ಬುಕ್ ಮಾಡಿ. ತಳ್ಳುವವರೇ ಎಲ್ಲ ಕಡೆ ದಾಟಿಸ್ತಾರೆ.

ತೀರ್ಥಹಳ್ಳಿ_ಮಗಳು:
ವೀಲ್‌ಚೇರ್ ಅಂದಿದ್ದಕ್ಕೆ ಅಮ್ಮ ಎರಡು ದಿನ ಫೋನಿನಲ್ಲಿ ಸರಿಯಾಗಿ ಮಾತಾಡಿಲ್ಲ. "ನನ್ನ ಕಾಲಿಗೆ ಏನಾಗಿದೆ? ತೋಟ ಹತ್ತಿ ಇಳಿಯುವವಳು ನಾನು." ಹಾಗಾಗಿ ಅದು ಬಿಟ್ಟು ಬೇರೆ ಹೇಳಿ.

ಲೆಕ್ಕದ_ಮೇಷ್ಟ್ರು:
ಇವರ ಪ್ರಶ್ನೆಗೆ ಸಂಬಂಧವಿಲ್ಲ, ಆದರೂ ಹೊರದೇಶದಲ್ಲಿ ಕೆಲಸ ಮಾಡುವವರು ಓದಿಕೊಳ್ಳಿ. ತೆರಿಗೆಗೆ ಎನ್‌ಆರ್‌ಐ ಹೌದೋ ಅಲ್ಲವೋ ಅಂತ ನೋಡುವಾಗ ವರ್ಷದಲ್ಲಿ ಎಷ್ಟು ದಿನ ಭಾರತದಲ್ಲಿದ್ದಿರಿ ಅನ್ನುವ 182 ದಿನದ ಲೆಕ್ಕ ಬರುತ್ತದೆ. ನನ್ನ ಹತ್ತಿರ ಬರುವವರಿಗೆ ಮೊದಲು ಕೇಳುವುದೇ ಸೀಲ್ ಇರುವ ಪುಟಗಳ ಜೆರಾಕ್ಸ್. ಸೀಲ್ ಬೀಳದ ಗೇಟಲ್ಲಿ ಓಡಾಡುವವರು ಬೋರ್ಡಿಂಗ್ ಪಾಸ್ ಎಸೆಯಬೇಡಿ. ಹೋದ ತಿಂಗಳು ಒಬ್ಬರು ಊಬರ್ ಬಿಲ್ ಹಿಡಿದುಕೊಂಡು ಬಂದಿದ್ದರು.

ಚಾಂಗಿ_ಅಕ್ಕ:
ನೀವೆಲ್ಲ ಬೆಂಗಳೂರಿನ ಬಗ್ಗೆಯೇ ಹೇಳುತ್ತಿದ್ದೀರಿ. ಇಳಿಯುವ ಕಡೆ ಏನು ಅಂತ ನಾನು ಹೇಳುತ್ತೇನೆ.

ಇಲ್ಲಿ ಸಿಂಗಾಪುರದಲ್ಲಿ 2024ರಿಂದ ಹೊರಗಿನಿಂದ ಬರುವ ಎಲ್ಲರೂ ಆಟೊಮೇಟೆಡ್ ಲೇನ್‌ನಲ್ಲೇ ಹೋಗಬಹುದು, ಮೊದಲೇ ರಿಜಿಸ್ಟರ್ ಮಾಡಬೇಕಿಲ್ಲ. ಮತ್ತೆ, ತಂಗಿ, ಸಮಾಧಾನದ ವಿಷಯ ಅಂದರೆ ಇಲ್ಲಿ ಮುಖ್ಯವಾಗಿ ನೋಡುವುದು ಕಣ್ಣು ಮತ್ತು ಮುಖ, ಹೆಬ್ಬೆಟ್ಟಲ್ಲ. ಪಾಸ್‌ಪೋರ್ಟಿನ ಫೋಟೋ ಪುಟ ಮೆಷಿನ್ ಮೇಲೆ ಬೋರಲು ಇಡಬೇಕು, ಒಳಗೆ ಹೋಗಿ ನೆಟ್ಟಗೆ ನಿಲ್ಲಬೇಕು. ಅಷ್ಟೇ. ಗೇಟ್ ಒಪ್ಪದಿದ್ದರೆ ಪಕ್ಕದಲ್ಲಿ ನಿಂತಿರುವವರು ಕೌಂಟರಿಗೆ ಕಳಿಸುತ್ತಾರೆ, ಹೆದರುವ ಅಗತ್ಯ ಇಲ್ಲ.

ಆದರೆ ಎಸ್‌ಜಿ ಅರೈವಲ್ ಕಾರ್ಡ್ ಅನ್ನುವ ಆನ್‌ಲೈನ್ ಫಾರಂ ತುಂಬಿಯೇ ಹೊರಡಬೇಕು. ಬಂದಿಳಿಯುವ ದಿನವೂ ಸೇರಿ ಮೂರು ದಿನದೊಳಗೆ. ಅದಕ್ಕೆ ಒಂದು ಪೈಸೆಯೂ ಇಲ್ಲ. ದುಡ್ಡು ಕೇಳಿದರೆ ಅದು ಸರ್ಕಾರಿ ವೆಬ್‌ಸೈಟ್ ಅಲ್ಲ. ಅದರಲ್ಲಿ ಇಮೇಲ್ ಕೇಳುವ ಕಡೆ ಅಣ್ಣನದು ಹಾಕಿ. ಇಲ್ಲಿ ಈಗ ಸೀಲ್ ಒತ್ತುವುದಿಲ್ಲ. ಎಷ್ಟು ದಿನ ಇರಬಹುದು ಅನ್ನುವುದು ಆ ಇಮೇಲಿಗೇ ಬರುತ್ತದೆ. ನಮ್ಮ ಅತ್ತೆ ಬಂದಾಗ ಊರಿನ ಹುಡುಗನೊಬ್ಬ ತನ್ನ ಇಮೇಲ್ ಹಾಕಿಬಿಟ್ಟಿದ್ದ. ಕೊನೆಯ ದಿನ ಯಾವುದು ಅಂತ ತಿಳಿಯಲು ಅವನನ್ನು ಒಂದು ವಾರ ಹುಡುಕಿದ್ದೇವೆ!

ಬೆಂಗಳೂರಿನ ಕೌಂಟರಿಗೆ ಒಂದು ಹಾಳೆ ಬರೆದುಕೊಡಿ. ಎಲ್ಲಿಗೆ, ಯಾಕೆ, ಎಷ್ಟು ದಿನ, ಯಾರ ಮನೆ. ಇಂಗ್ಲಿಷಿನಲ್ಲಿ, ದೊಡ್ಡ ಅಕ್ಷರದಲ್ಲಿ. ಜೊತೆಗೆ ವೀಸಾ ಮತ್ತು ರಿಟರ್ನ್ ಟಿಕೆಟ್ ಪ್ರಿಂಟ್. ಸುಮ್ನೆ ಫೋನಿನಲ್ಲಿದೆ ಅಂದುಕೊಂಡು ಬಿಡಬೇಡಿ.

ತೀರ್ಥಹಳ್ಳಿ_ಮಗಳು:
ಹೋಗಿ ಮುಟ್ಟಿದರು! ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಬೆಂಗಳೂರಲ್ಲಿ ಇಬ್ಬರೂ ಕೌಂಟರಿಗೇ ಹೋದರು. ಸಾಲಲ್ಲಿ ಮುಕ್ಕಾಲು ಗಂಟೆ. ಆಫೀಸರ್ ಹಿಂದಿಯಲ್ಲಿ ಏನೋ ಕೇಳಿದರಂತೆ. ನಾನು ಬರೆದುಕೊಟ್ಟ ಹಾಳೆ ಅಪ್ಪನ ಜೇಬಿನಲ್ಲಿ. ಅಪ್ಪ ಅದನ್ನು ತೆಗೆಯುವ ಮೊದಲೇ ಅಮ್ಮ, "ಮಗನ ಮನೆಗೆ, ಬಾಣಂತನಕ್ಕೆ" ಅಂದಿದ್ದಾರೆ. ಅವರಿಗೆ ಅರ್ಥವಾಗಲಿಲ್ಲ. ಪಕ್ಕದ ಕೌಂಟರಿನವರು ಕನ್ನಡದವರು, ತಲೆ ಎತ್ತದೆಯೇ "ಡೆಲಿವರಿ, ಡೆಲಿವರಿ" ಅಂದರಂತೆ. ಇವರು ಪಾಸ್‌ಪೋರ್ಟಿನಲ್ಲಿ ಹುಟ್ಟಿದ ವರ್ಷ ನೋಡಿ, ಅಮ್ಮನ ಮುಖ ನೋಡಿ, ಮತ್ತೆ ಪಾಸ್‌ಪೋರ್ಟ್ ನೋಡಿದರಂತೆ. ಅಮ್ಮನಿಗೆ 63. ಆಗ ಅಪ್ಪ ಗಡಿಬಿಡಿಯಲ್ಲಿ ಹಾಳೆ ತೆಗೆದು ಗಾಜಿನ ಕೆಳಗೆ ತಳ್ಳಿದರು. ಸೀಲ್ ಬಿತ್ತು.

ಸಿಂಗಾಪುರದಲ್ಲಿ ಅಮ್ಮ ಲೇನ್‌ನಲ್ಲಿ ಸಲೀಸಾಗಿ ದಾಟಿದರು. ಕಣ್ಣು ಅಗಲ ಮಾಡಿ ನಿಂತೆ, ಬಾಗಿಲು ತೆರೆಯಿತು ಅಂದರು. ನಿಂತುಹೋಗಿದ್ದು ಅಪ್ಪ. ವಿಮಾನದಲ್ಲಿ ಎಸಿ ಜಾಸ್ತಿ ಅಂತ ಮಂಕಿ ಟೋಪಿ ಹಾಕಿಕೊಂಡಿದ್ದರು, ಹಾಗೇ ಗೇಟಿನೊಳಗೆ ನಿಂತಿದ್ದಾರೆ! ಅಮ್ಮ ಆಚೆ, ಅಪ್ಪ ಈಚೆ, ಮಧ್ಯೆ ಗಾಜು. ಅಮ್ಮ ಆಚೆಯಿಂದ ತಲೆ ಸವರಿಕೊಂಡು ಟೋಪಿ ತೆಗೆಯಿರಿ ಅಂತ ಸನ್ನೆ ಮಾಡಿದರೆ, ಅಪ್ಪ ಅದು ತಲೆನೋವು ಅಂದುಕೊಂಡು ಜೇಬಿನಲ್ಲಿ ಅಮೃತಾಂಜನ ಹುಡುಕಿದರಂತೆ. ಕೊನೆಗೆ ಅಲ್ಲಿಯ ಹುಡುಗಿಯೊಬ್ಬಳು ಬಂದು ತೋರಿಸಿದಳು.

ಎಷ್ಟು ದಿನ ಇರಬಹುದು ಅಂತ ತಿಳಿಸುವ ಇ-ಪಾಸ್ ಅಣ್ಣನ ಇಮೇಲಿಗೆ ಬಂತು, 30 ದಿನ. ಚಾಂಗಿ ಅಕ್ಕ, ತುಂಬಾ ಥ್ಯಾಂಕ್ಸ್. ಅಮ್ಮ ಮಾತ್ರ ಪಾಸ್‌ಪೋರ್ಟ್ ಪುಟ ಪುಟ ತಿರುಗಿಸಿ, "ಬೆಂಗಳೂರಿನವರು ಒತ್ತಿದ್ದಾರೆ, ಇವರು ಒತ್ತಲೇ ಇಲ್ಲವಲ್ಲ" ಅಂತ ಕೇಳುತ್ತಿದ್ದಾರಂತೆ. ಊರಿಗೆ ಬಂದು ಪಕ್ಕದ ಮನೆಯವರಿಗೆ ತೋರಿಸಬೇಕಿತ್ತು, ಪಾಪ.

ವಾಪಸ್ ಬರುವಾಗಲೂ ಬೆಂಗಳೂರಲ್ಲಿ ಕೌಂಟರೇ. ಟೋಪಿ ಸೂಟ್‌ಕೇಸಿನಲ್ಲಿ ಹಾಕಿ ಅಂತ ಈಗಲೇ ಹೇಳಿಟ್ಟಿದ್ದೇನೆ.