ಅಪ್‌ಡೇಟ್: ಬೇಸಿಗೆ ಸಂಶೋಧನೆಗೆ ಜಾಗ ಸಿಕ್ಕಿತು!

ಹಾಸನದಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ, ಅಲ್ಗಾರಿದಮ್ ಮತ್ತು ಮೆಷಿನ್ ಲರ್ನಿಂಗ್‌ನಲ್ಲಿ ಸಂಶೋಧನೆಗೆ ಅವಕಾಶ ಹೇಗೆ ಹುಡುಕುವುದು ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆನಲ್ಲ, ಅದರ ಮುಂದಿನ ಕತೆ ಇದು.

ಆಗ ನಲವತ್ತು ಪ್ರೊಫೆಸರ್‌ಗಳಿಗೆ ಒಂದೇ ಮೇಲ್ ಕಳಿಸಿದ್ದೆ, ಒಬ್ಬರೂ ಉತ್ತರಿಸಿರಲಿಲ್ಲ. "ಒಬ್ಬ ಪ್ರೊಫೆಸರ್‌ರ ಒಂದು ಸಂಶೋಧನಾ ಪೇಪರ್ ಹಿಡಿದು ಕೂರು" ಅಂತ ನೀವು ಅಂದಿರಿ. ಕೂತೆ. ವಿಷಯ, ಊಹೆಯ ನೆರವು ಪಡೆಯುವ ಅಲ್ಗಾರಿದಮ್‌ಗಳು. ನಿಘಂಟಿನಲ್ಲಿ 'ಮಳೆ' ಹುಡುಕುವಾಗ ನಾವು ನಟ್ಟನಡುವಿನಿಂದ ಶುರು ಮಾಡಲ್ಲ, ಅಂದಾಜಿನ ಪುಟ ತೆರೆದು 1, 2, 4, 8 ಪುಟ ಹೆಜ್ಜೆ ಹಾಕ್ತೀವಿ. ಇಲ್ಲಿ ಹಾಗೆ ಅಂದಾಜು ಮಾಡುವುದು ಡೇಟಾದಿಂದ ಕಲಿತ ಮೆಷಿನ್ ಲರ್ನಿಂಗ್ ಮಾಡೆಲ್. ಅದರ ಅಂದಾಜು ಸರಿಯಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಪೂರ್ತಿ ತಪ್ಪಿದರೂ ಬೈನರಿ ಸರ್ಚ್‌ನ (ನಡುವಿನಿಂದ ಶುರು ಮಾಡಿ ಪ್ರತಿ ಸಲ ಅರ್ಧ ಭಾಗ ಬಿಡುತ್ತಾ ಹುಡುಕುವ ವಿಧಾನ) ಸುಮಾರು ಎರಡು ಪಟ್ಟು ಹೆಜ್ಜೆ, ಅಷ್ಟೇ. ಇದನ್ನು ಬಿಡಿಸಿದಾಗ ಆದ ಖುಷಿ ಹೇಳತೀರದು!

ಆ ಲೆಕ್ಕ, ಎಪ್ಪತ್ತು ಸಾಲಿನ ಪೈಥಾನ್ ಕೋಡ್, ಬಗೆಹರಿಯದ ಒಂದು ಪ್ರಶ್ನೆ ಸೇರಿಸಿ ಆ ಪ್ರೊಫೆಸರ್‌ಗೆ ಮೇಲ್ ಹಾಕಿದೆ. ಮೂರನೇ ದಿನ ಉತ್ತರ ಬಂತು, ಆಮೇಲೆ ಸಂದರ್ಶನ ಮಾಡಿ ಬೇಸಿಗೆಗೆ ಜಾಗ ಕೊಟ್ಟರು. ಜೊತೆಗೆ, ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ಕೊಡುವ ಬೇಸಿಗೆ ಫೆಲೋಶಿಪ್‌ಗೂ ಅರ್ಜಿ ಹಾಕಿದ್ದೆ. ಅದರಲ್ಲೂ ಹೆಸರು ಬಂದಿದೆ!

ಪ್ರಾಬಬಿಲಿಟಿ ಮೊದಲು ಗಟ್ಟಿ ಮಾಡಿಕೋ ಅಂದ ಅಕ್ಕನಿಗೆ ವಿಶೇಷ ಧನ್ಯವಾದ. ಸಂದರ್ಶನದಲ್ಲಿ ಕೇಳಿದ್ದೆಲ್ಲ ಅದೇ. ಮೇ ತಿಂಗಳಲ್ಲಿ ಬೆಂಗಳೂರಿಗೆ ಹೊರಡುತ್ತೇನೆ.