ಅಪ್‌ಡೇಟ್: ಅಂಬ್ರೆಲಾ ಪಾಲಿಸಿ ತಗೊಂಡಾಯ್ತು

ಹೋದ ವಾರ ಕೇಳಿದ್ದೆನಲ್ಲ, ಮಗನಿಗೆ 16 ತುಂಬಿ ಲೈಸೆನ್ಸ್ ಬಂತು, ಟೆಕ್ಸಸ್‌ನಲ್ಲಿ ಸ್ವಂತ ಮನೆ ಇದೆ, ಅಂಬ್ರೆಲಾ ಇನ್ಶೂರೆನ್ಸ್ (ನಮ್ಮಿಂದ ಬೇರೆಯವರಿಗೆ ನಷ್ಟವಾದಾಗ, ಕಾರು, ಮನೆ ಪಾಲಿಸಿಗಳ ಮಿತಿ ದಾಟಿದ ಹಣಕ್ಕೆ ಇರೋ ಹೆಚ್ಚುವರಿ ವಿಮೆ) ಬೇಕಾ ಅಂತ? ತಗೊಂಡೆ. (ಅಮ್ಮ ಮೈಸೂರಿಂದ ಫೋನಲ್ಲಿ, "ಕೊಡೆಗೂ ಇನ್ಶೂರೆನ್ಸಾ?" ಅಂದರು.)

ಬೇರೆ ಕಂಪನಿಯಲ್ಲಿ ಅಂಬ್ರೆಲಾ ಒಂದನ್ನೇ ತಗೊಳ್ಳಿ, ಅಗ್ಗ ಅಂದಿದ್ದರು ಒಬ್ಬರು. ನನಗೆ ಅದು ಆಗಲಿಲ್ಲ. ಹೊಸ ಡ್ರೈವರ್ ಅಂದ ಕೂಡಲೇ ಒಂದು ಕಡೆ ಬೇಡ ಅಂದರು, ಇನ್ನೊಂದು ಕಡೆ ರೇಟು ಡಬಲ್.

ಕೆಲಸಕ್ಕೆ ಬಂದದ್ದು "ಮೊದಲು ಕಾರಿನ ಡಿಕ್ಲರೇಷನ್ ಪೇಜ್ ತೆಗೆದು ನೋಡಿ" ಅನ್ನೋ ಸಲಹೆ. ಪಾಲಿಸಿಯಲ್ಲಿ ಯಾವುದಕ್ಕೆ ಎಷ್ಟು ಕವರ್ ಅಂತ ಬರೆದಿರೋ ಪುಟ ಅದು. ರಾತ್ರಿ ಊಟದ ಟೇಬಲ್ ಮೇಲೆ ಹರಡಿಕೊಂಡು ಕೂತೆ. ಬಾಡಿಲಿ ಇಂಜುರಿ (ನಮ್ಮಿಂದ ಬೇರೆಯವರಿಗೆ ಆಗೋ ಗಾಯ) ಮುಂದೆ 100/300 ಅಂತಿತ್ತು. ಅಂದರೆ ಒಬ್ಬರಿಗೆ 1 ಲಕ್ಷ ಡಾಲರ್, ಒಂದು ಅಪಘಾತಕ್ಕೆ ಒಟ್ಟು 3 ಲಕ್ಷ. ಅಂಬ್ರೆಲಾ ಕೊಡೋರು ಕೇಳಿದ್ದು 250/500. ಅಂಬ್ರೆಲಾ ತಗೊಂಡ ಮೇಲೂ ಕಾರಿನ ಮಿತಿ ಕಡಿಮೆಯೇ ಇದ್ದರೆ, ನಡುವಿನ ಹಣ, ಒಬ್ಬರಿಗೇ ಒಂದೂವರೆ ಲಕ್ಷದವರೆಗೆ, ನಮ್ಮ ಜೇಬಿಂದಲೇ ಹೋಗಬೇಕು! ಏರಿಸಿದೆ. ಮನೆಯ ಪಾಲಿಸಿಯಲ್ಲಿ ಲಯಬಿಲಿಟಿ (ಬೇರೆಯವರ ನಷ್ಟಕ್ಕೆ ಕೊಡೋ ಕವರ್) 3 ಲಕ್ಷ ಮೊದಲೇ ಇತ್ತು, ಅದು ಸಾಕಾಯ್ತು. ಈಗಿರುವ ಕಂಪನಿಯಲ್ಲೇ 10 ಲಕ್ಷ ಡಾಲರ್ ಅಂಬ್ರೆಲಾಗೆ ವರ್ಷಕ್ಕೆ 380 ಡಾಲರ್. ಕಾರಿನ ಪ್ರೀಮಿಯಂ 210 ಜಾಸ್ತಿಯಾಯ್ತು.

ಗೊತ್ತಿಲ್ಲದ್ದು ಒಂದಿತ್ತು. ಅಂಬ್ರೆಲಾ ನಮ್ಮಿಂದ ಬೇರೆಯವರಿಗಾದ ನಷ್ಟಕ್ಕೆ ಮಾತ್ರ. ಇನ್ಶೂರೆನ್ಸ್ ಇಲ್ಲದ ಯಾರೋ ಬಂದು ನಮಗೇ ಗುದ್ದಿದರೆ ಸಾಮಾನ್ಯವಾಗಿ ಇದರಿಂದ ಬಿಡಿಗಾಸೂ ಬರುವುದಿಲ್ಲ. ಅದಕ್ಕೆ ಅನ್‌ಇನ್ಶೂರ್ಡ್ ಮೋಟರಿಸ್ಟ್ ಕವರ್ ಬೇರೆ ಬೇಕು. ಕೆಲವು ಕಂಪನಿಗಳು ದುಡ್ಡು ಜಾಸ್ತಿ ತಗೊಂಡು ಅಂಬ್ರೆಲಾಗೇ ಸೇರಿಸುತ್ತವೆ. ನಮ್ಮದರಲ್ಲಿ ಇಲ್ಲ. ಹಾಗಾಗಿ ಕಾರಿನ ಪಾಲಿಸಿಯಲ್ಲೇ ಅದನ್ನೂ ಏರಿಸಿಕೊಂಡೆ.