ದೀಪ ಹೊತ್ತುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು: ಲ್ಯಾಪ್‌ಟಾಪ್ ಶುರುವಾಗುತ್ತಿಲ್ಲ

ಪ್ರಶ್ನೆ (ಚಿತ್ತಾಪುರ, ಕಲಬುರಗಿ ಜಿಲ್ಲೆ)

ನಾನು ಪ್ರೌಢಶಾಲೆಯ ಶಿಕ್ಷಕ. ಆರು ವರ್ಷ ಹಳೆಯದಾದ ನನ್ನ ಲ್ಯಾಪ್‌ಟಾಪ್ ಕಳೆದ ಭಾನುವಾರದಿಂದ ಶುರುವಾಗುತ್ತಿಲ್ಲ. ಗುಂಡಿ ಒತ್ತಿದರೆ ಬಿಳಿ ದೀಪ ಹೊತ್ತಿಕೊಳ್ಳುತ್ತದೆ, ಫ್ಯಾನ್ ಐದಾರು ಸೆಕೆಂಡು ಜೋರಾಗಿ ತಿರುಗಿ ನಿಧಾನವಾಗುತ್ತದೆ, ಆದರೆ ಪರದೆಯ ಮೇಲೆ ಕಂಪನಿಯ ಲಾಂಛನವೂ ಮೂಡುವುದಿಲ್ಲ. ಬ್ಯಾಟರಿ ಸತ್ತು ವರ್ಷವಾಗಿರುವುದರಿಂದ ನೇರವಾಗಿ ಚಾರ್ಜರಿನ ಮೇಲೆಯೇ ಬಳಸುತ್ತಿದ್ದೆ. ಶನಿವಾರ ರಾತ್ರಿ ಕರೆಂಟ್ ಎರಡು ಮೂರು ಸಲ ಹೋಗಿ ಬಂದಾಗ ಪ್ರತಿ ಸಲವೂ ತಟ್ಟನೆ ಆರಿಹೋಗಿತ್ತು. ಇಲ್ಲಿನ ಅಂಗಡಿಯೊಬ್ಬರು ಬಿಚ್ಚಿಯೂ ನೋಡದೆ ಮದರ್‌ಬೋರ್ಡ್ ಹೋಗಿದೆ, 11,000 ರೂಪಾಯಿ ಆಗುತ್ತದೆ ಎಂದರು. ಹಣಕ್ಕಿಂತ ಹೆಚ್ಚಿನ ಚಿಂತೆ ಒಳಗಿರುವ ಫೈಲುಗಳದ್ದು. ಅವ್ವ ಹಾಡಿದ ಬೀಸುಕಲ್ಲಿನ ಪದಗಳ ಧ್ವನಿಮುದ್ರಣ ಅದರಲ್ಲಿದೆ, ಬೇರೆಲ್ಲೂ ಪ್ರತಿಯಿಲ್ಲ, ಅವ್ವ ಈಗ ಇಲ್ಲ.

ಉತ್ತರ (ಬೀದರ್)

ಯಂತ್ರವೇ ಎದ್ದಿಲ್ಲವೋ, ಎದ್ದರೂ ಪರದೆ ಕಾಣಿಸುತ್ತಿಲ್ಲವೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಿ. ಗುಂಡಿ ಒತ್ತಿ ಎರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಕೀ ಒತ್ತಿರಿ. ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಒಳಗೆ ನಡೆಯುತ್ತಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಆಗ ಕೋಣೆ ಕತ್ತಲು ಮಾಡಿ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಅಕ್ಷರಗಳು ಮಸುಕಾಗಿ ಕಂಡರೆ ಕೆಟ್ಟಿರುವುದು ಪರದೆಯ ಹಿಂದಿನ ಬೆಳಕು, ಅಂದರೆ ಬ್ಯಾಕ್‌ಲೈಟ್ ಅಷ್ಟೆ. ಎಚ್‌ಡಿಎಂಐ ಕೇಬಲ್‌ನಿಂದ ಮನೆಯ ಟಿವಿಗೆ ಜೋಡಿಸಿಯೂ ನೋಡಿ.

ಪ್ರಶ್ನೆ ಕೇಳಿದವರು

ನೋಡಿದೆ. ಕ್ಯಾಪ್ಸ್ ಲಾಕ್ ದೀಪ ಅಲುಗುವುದೇ ಇಲ್ಲ. ಟಿವಿಯಲ್ಲಿಯೂ ಏನೂ ಬರಲಿಲ್ಲ.

ಉತ್ತರ (ಕಲಬುರಗಿ)

ನಾನು ಈ ರಿಪೇರಿ ಕೆಲಸದಲ್ಲಿಯೇ ಇರುವವನು. ನೀವು ಹೇಳಿದ ಲಕ್ಷಣಕ್ಕೆ ಮದರ್‌ಬೋರ್ಡನ್ನು ದೂರುವ ಮೊದಲು ಯಂತ್ರದ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮ್ ನೋಡಲೇಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ನೀರಿನ ಕೂಲರಿನ ಎದುರಿಗೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತೇವೆ. ಆ ತೇವದ ಗಾಳಿಯೂ ಬೇಳೆ ಮಿಲ್ಲುಗಳ ಸುತ್ತಮುತ್ತ ಹಾರುವ ತೊಗರಿ ಹೊಟ್ಟಿನ ಪುಡಿಯೂ ಸೇರಿ ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಕಿಲುಬಿನಂಥ ಪದರ ಕಟ್ಟುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಚಾರ್ಜರ್ ತೆಗೆಯಿರಿ. ಕೆಳಮುಚ್ಚಳ ಬಿಚ್ಚಿ, ಸತ್ತ ಬ್ಯಾಟರಿಯಾದರೂ ಸರಿ, ಅದರ ಕನೆಕ್ಟರ್ ಕಳಚಿ, ಪವರ್ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿಯಿರಿ. ಉಳಿದ ವಿದ್ಯುತ್ ಇಳಿದುಹೋಗುತ್ತದೆ. ರ‍್ಯಾಮ್ ಮುಟ್ಟುವ ಮೊದಲು ಮೈಯಲ್ಲಿನ ಸ್ಥಿರವಿದ್ಯುತ್ ಹೋಗಲು ಕಿಟಕಿಯ ಬರಿ ಕಬ್ಬಿಣವನ್ನೊಮ್ಮೆ ಮುಟ್ಟಿ. ಎರಡು ಬದಿಯ ಕೊಕ್ಕೆಗಳನ್ನು ಹೊರಕ್ಕೆ ಸರಿಸಿದರೆ ರ‍್ಯಾಮ್ ತಾನೇ ಓರೆಯಾಗಿ ಮೇಲೇಳುತ್ತದೆ. ಹಲ್ಲುಗಳನ್ನು ಮಕ್ಕಳು ಬಳಸುವ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಪೂರ್ತಿ ಒರೆಸಿ, ಕಟ್ ಎಂದು ಸದ್ದಾಗುವವರೆಗೆ ಮರಳಿ ಕೂಡಿಸಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ.

ಪ್ರಶ್ನೆ ಕೇಳಿದವರು

ರ‍್ಯಾಮಿನ ಒಂದು ತುದಿಯ ಏಳೆಂಟು ಹಲ್ಲುಗಳು ಕಂದು ಬಣ್ಣಕ್ಕೆ ತಿರುಗಿದ್ದವು, ನಮ್ಮ ಹಿತ್ತಲಿನ ಆಚೆಗೇ ಬೇಳೆ ಮಿಲ್ಲು ಇದೆ. ಉಜ್ಜಿ ಕೂಡಿಸಿದ ಮೇಲೆ ಲಾಂಛನ ಬಂತು! ಆದರೆ ವಿಂಡೋಸ್ ‘ಆಟೊಮ್ಯಾಟಿಕ್ ರಿಪೇರಿ’ ಎಂದು ತೋರಿಸಿ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತಿದೆ. ಹೊಸದಾಗಿ ವಿಂಡೋಸ್ ಹಾಕಿಸಿಬಿಡಲೇ?

ಉತ್ತರ (ಕಲಬುರಗಿ)

ದಯವಿಟ್ಟು ಬೇಡ. ಹಾಕಿಸುವವರು ಡಿಸ್ಕ್ ಫಾರ್ಮ್ಯಾಟ್ ಮಾಡಿದರೆ ಅವ್ವನ ಪದಗಳು ಹೋಗುತ್ತವೆ. ಕರೆಂಟ್ ಹೋದ ಹೊತ್ತಿನಲ್ಲಿ ಡಿಸ್ಕಿಗೆ ಬರೆಯುವ ಕೆಲಸ ಅರ್ಧಕ್ಕೆ ನಿಂತು ಫೈಲ್ ವ್ಯವಸ್ಥೆ ಹದಗೆಟ್ಟಿರಬೇಕು. ಆದರೆ ದುರಸ್ತಿಗಿಂತ ಮೊದಲು ನಕಲು ಮಾಡಿಕೊಳ್ಳಿ, ಏಕೆಂದರೆ ಡಿಸ್ಕೇ ದುರ್ಬಲವಾಗಿದ್ದರೆ ದುರಸ್ತಿಯ ಓಡಾಟದಲ್ಲಿ ಅದು ಪೂರ್ತಿ ಕೈಕೊಡಬಹುದು. ಶಾಲೆಯ ಕಂಪ್ಯೂಟರಿನಲ್ಲಿ 8 ಜಿಬಿ ಪೆನ್‌ಡ್ರೈವಿಗೆ ವಿಂಡೋಸಿನಂಥದೇ ಇನ್ನೊಂದು ಕಾರ್ಯವ್ಯವಸ್ಥೆಯಾದ ಉಬುಂಟು ಬರೆದುಕೊಂಡು, ಅದರಿಂದ ಲ್ಯಾಪ್‌ಟಾಪ್ ಶುರು ಮಾಡಿ, ಇನ್‌ಸ್ಟಾಲ್ ಮಾಡದೆ ‘ಟ್ರೈ’ ಆಯ್ಕೆಯಲ್ಲಿಯೇ ಉಳಿದು ಫೈಲುಗಳನ್ನು ಬೇರೆ ಡ್ರೈವಿಗೆ ನಕಲಿಸಿ. ಬಿಟ್‌ಲಾಕರ್ (ಡಿಸ್ಕಿಗೆ ಹಾಕುವ ವಿಂಡೋಸ್ ಬೀಗ) ಇದ್ದರೆ 48 ಅಂಕಿಗಳ ಕೀಲಿ ಕೇಳುತ್ತದೆ, ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ.

ಆಮೇಲೆ ರಿಪೇರಿ ಪರದೆಯ ಕಮಾಂಡ್ ಪ್ರಾಂಪ್ಟಿನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ಡಿಸ್ಕಿನ ತಪ್ಪು ಹುಡುಕಿ ಸರಿಪಡಿಸುವ ಚೆಕ್‌ಡಿಸ್ಕ್ ನಡೆಸಿ. ಅಲ್ಲಿ ನಿಮ್ಮ ಸಿ ಡ್ರೈವಿಗೆ ಡಿ ಎಂಬ ಹೆಸರು ಬಂದಿರಬಹುದು, ಮೊದಲು ಒಳಗಿನ ಫೋಲ್ಡರುಗಳನ್ನು ನೋಡಿ ಖಚಿತಪಡಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಹದಿನೇಳು ಪದಗಳೂ ಸಿಕ್ಕವು. ಎರಡು ಪೆನ್‌ಡ್ರೈವಿಗೆ ಹಾಕಿ, ಒಂದನ್ನು ತಂಗಿಯ ಮನೆಗೆ ಯಾದಗಿರಿಗೆ ಕಳುಹಿಸಿದೆ. ಚೆಕ್‌ಡಿಸ್ಕ್ ಮುಗಿಯಲು ಒಂದೂವರೆ ಗಂಟೆ ಹಿಡಿಯಿತು, ಅನಂತರ ವಿಂಡೋಸ್ ಎಂದಿನಂತೆ ತೆರೆದುಕೊಂಡಿತು. ಹೊಸ ಬ್ಯಾಟರಿಗೆ ಹೇಳಿದ್ದೇನೆ. ಅದು ಬರುವವರೆಗೆ ಮೋಡ ಕವಿದ ರಾತ್ರಿಗಳಲ್ಲಿ ಲ್ಯಾಪ್‌ಟಾಪ್ ಹಚ್ಚುವುದಿಲ್ಲ.